ಇಗರ್ಜಿಯ ಚಪ್ಪಟೆ ಮಾಡು

“ಸೋರ್ತಾ ಇಲ್ಲ ಇನಾಸಣ್ಣ. ಸಿಮೆಂಟು ನೀರು ಕುಡೀತಾ ಇದೆ, ಅಷ್ಟೇ.”

“ಐದು ಮಳೆಗಾಲ ಕುಡೀತು ಮಾರಾಯ. ಈಗ ಕಕ್ತಾ ಇದೆ, ಫಾದರ್ ತಲೆ ಮೇಲೆ.”

ಗಾರೆ ಮೇಸ್ತ್ರಿ ಜಟ್ಟಿಂಗಪ್ಪನಿಗೆ ಮೈ ಉರಿಯಿತು. ಅರವತ್ತೆರಡನೇ ಇಸವಿಯಲ್ಲಿ ಮುಂಬಯಿಯ ಎಂಜಿನಿಯರ್ ಬರೆದ ನಕ್ಷೆ ಹಿಡಿದು ಹೊಸನಗರದ ದಾರಿಯಲ್ಲಿ ಕ್ರೈಸ್ತರ ಇಗರ್ಜಿ ಕಟ್ಟಿದವನು ಅವನೇ. ಗೋಪುರವಿಲ್ಲ, ಕಮಾನಿಲ್ಲ, ಹಂಚಿಲ್ಲ. ಮಾಡು ಎಂದರೆ ಮೇಲೊಂದು ಚಪ್ಪಟೆ ಕಾಂಕ್ರೀಟು ಚಾವಣಿ. ಅಂದಿನಿಂದ ಸಾಗರದ ತನಕ ಅವನು ‘ಇಗರ್ಜಿ ಜಟ್ಟಿಂಗಪ್ಪ’. ಆ ಗರ್ವದಲ್ಲಿ ಮರುವರ್ಷವೇ ತನ್ನ ಮನೆಗೂ ಅಂಥದ್ದೇ ಮಾಡು ಹಾಕಿಕೊಂಡಿದ್ದ. ಈಗ ಇಗರ್ಜಿಯ ಉಸ್ತುವಾರಿ ನೋಡುವ ಗುರ್ಕಾರ ಇನಾಸ್ ಆ ಮನೆಯಲ್ಲೇ ಕೂತು, ಇಗರ್ಜಿಯ ಕಾಂಕ್ರೀಟಿನ ಮೇಲೆ ಹಂಚು ಹೊದಿಸು ಎನ್ನುತ್ತಿದ್ದಾನೆ. ಹೊದಿಸಿದರೆ ಹೆಸರೂ ಹಂಚಿನಡಿಗೇ ಹೋಯಿತು.

“ಇಗರ್ಜಿ ಮಾಡು ನೋಡಿದ್ರೆ ಮನಸ್ಸು ಮೇಲಕ್ಕೇ ಹೋಗುತ್ತೆ ಅಂದಿದ್ರು ಎಂಜಿನಿಯರು.”

“ಸುಳ್ಳಲ್ಲ. ಪೂಜೆ ಮುಗಿಯೋ ತನಕ ಎಲ್ರೂ ಮೇಲೇ ನೋಡ್ತಿರ್ತಾರೆ, ಮುಂದಿನ ಹನಿ ಯಾರಿಗೆ ಅಂತ. ಹೋದ ಭಾನುವಾರ ಉಪದೇಶ ಕೇಳಿದ್ದು ನಾಲ್ಕೇ ಜನ, ಕೊಡೆ ತಂದೋರು.”

ಹೊರಗೆ ಮಳೆ ಜೋರಾಯಿತು. ಜಟ್ಟಿಂಗಪ್ಪ ಇನಾಸನ ಕುರ್ಚಿಯನ್ನು ಕಿಟಕಿಯ ಕಡೆ ಸರಿಸಿದ. ಇದು ಮೂರನೇ ಸಲ. ಅಲ್ಲಿ ಬೆಳಕು ಚೆನ್ನಾಗಿದೆ ಎಂದು ಸಬೂಬು ಹೇಳಿದ. ಹಂಚು ದನದ ಕೊಟ್ಟಿಗೆಗೆ ಲಾಯಕ್ಕು, ದೇವರ ಮನೆಗಲ್ಲ ಎಂದೂ ಸೇರಿಸಿದ.

“ಹಾಗಾದ್ರೆ ಬಿಡು. ವಾಸಪ್ಪ ಮೇಸ್ತ್ರಿ ಒಪ್ಕೊಂಡಿದಾನೆ.”

ಜಟ್ಟಿಂಗಪ್ಪನ ಕೈ ಕುರ್ಚಿಯ ಮೇಲೇ ನಿಂತಿತು. ತಾನು ಕಟ್ಟಿದ್ದರ ಮೇಲೆ ಆ ವಾಸಪ್ಪ ಕಾಲಿಡುವುದೇ?

“ಕಾಂಕ್ರೀಟು ಮಾಡಿನ ಸುಖ ಅದರ ಕೆಳಗೆ ಬಾಳಿದೋರಿಗೆ ಗೊತ್ತು ಇನಾಸಣ್ಣ. ನಮ್ಮನೇಲಿ ಒಂದು ಹನಿ ಬಿದ್ದಿದ್ರೆ ಕೇಳಿ.”

ಅಷ್ಟರಲ್ಲಿ ಅವನ ಹೆಂಡತಿ ಹುಲಿಯಮ್ಮ ಅಡಿಗೆಮನೆಯಿಂದ ಕಾಫಿ ತಂದಳು. ಒಂದು ಕೈಯಲ್ಲಿ ಲೋಟ, ಇನ್ನೊಂದರಲ್ಲಿ ಬಿಡಿಸಿದ ಕೊಡೆ.

ಇನಾಸ್ ಕೊಡೆ ನೋಡಿದ, ಮೇಲೆ ನೋಡಿದ. ಜಟ್ಟಿಂಗಪ್ಪ ನೆಲ ನೋಡಿದ.

“ಇಲ್ಲೂ ಸಿಮೆಂಟು ಕುಡೀತಾ ಇದೆಯಾ ಹುಲಿಯಮ್ಮ?”

“ನಾಲ್ಕು ವರ್ಷದಿಂದ. ಹಂಚು ತರ್ಸೋದಾದ್ರೆ ಎರಡು ಲಾರಿ ತರ್ಸಿ ಇನಾಸಣ್ಣ.”

ಜಟ್ಟಿಂಗಪ್ಪ ಕೊಡೆ ತೆಗೆದುಕೊಂಡು ಇನಾಸನ ತಲೆಯ ಮೇಲೆ ಹಿಡಿದ. ಆಮೇಲೆ ಸಣ್ಣ ದನಿಯಲ್ಲಿ, “ವಾಸಪ್ಪ ಬೇಡ. ಎರಡಕ್ಕೂ ನಾನೇ ಹೊದಿಸ್ತೀನಿ. ಮೊದ್ಲು ಇಗರ್ಜಿ,” ಎಂದ.

“ಮೊದ್ಲು ಇಲ್ಲಿ,” ಎಂದಳು ಹುಲಿಯಮ್ಮ. “ಇಗರ್ಜೀಲಿ ಜನ ನೆನೆಯೋದು ಭಾನುವಾರ ಒಂದೇ ದಿನ. ನಾನು ದಿನಾ ಒಲೆ ಹಚ್ಬೇಕು.”