ಮಲಂಗಸಾಬ ಮುರಿದ ಸೀಟು

ಊರಿಗೆಲ್ಲ ಬುದ್ಧಿ ಹೇಳುವ ಗಂಡಸನ್ನು ಕಟ್ಟಿಕೊಂಡವಳ ಪಾಡು ಏನೆಂದು ತಿಳಿಯಬೇಕಾದವರು ಬೆಟಗೇರಿಯ ಖಾತುನಬಿಯನ್ನು ಕೇಳಬೇಕು. (ಕೇಳಲು ಹೋಗುವವರು ಕೈಯಲ್ಲಿ ಪುರಸೊತ್ತು ಇಟ್ಟುಕೊಂಡೇ ಹೋಗಬೇಕು. ಆಕೆ ನೇಕಾರರ ಮನೆಗಳಿಗೆ ಲಾಳಿಗೆ ಹಾಕುವ ನೂಲಿನ ಕಂಡಿಕೆ ಸುತ್ತಿಕೊಡುವವಳು. ನೂಲು ಮುಗಿಯುತ್ತದೆ, ಮಾತು ಮುಗಿಯುವುದಿಲ್ಲ.) ಆಕೆಯ ಗಂಡ ಮಲಂಗಸಾಬನಿಗೆ ಗದಗಿನ ಸ್ಟೇಷನ್ ಕಡೆ ಒಂದು ಸೈಕಲ್ ಅಂಗಡಿ. ಪಂಕ್ಚರ್ ತಿದ್ದುವುದು ಅವನ ಕಸುಬು, ಉಪದೇಶ ಮಾಡುವುದು ಅವನ ಚಟ. ಉಪದೇಶಗಳಲ್ಲೆಲ್ಲ ಶಿಖರಪ್ರಾಯವಾದದ್ದು ಕೂಸಿನ ಸೀಟಿನ ಕುರಿತಾದದ್ದು. ಸೈಕಲ್ಲಿನ ಮುಂದಿನ ಅಡ್ಡ ಸರಳಿಗೆ ಸಿಗಿಸುವ ಆ ಪುಟ್ಟ ಕಬ್ಬಿಣದ ಸೀಟನ್ನು ಹಳೆಯದಾಗಿಸಿಕೊಂಡು ಯಾರಾದರೂ ಅಂಗಡಿಗೆ ಬಂದರೆ ಅವನು ಕೈಯಲ್ಲಿದ್ದ ಪಾನಾ ಕೆಳಗಿಟ್ಟು ಎದ್ದು ನಿಲ್ಲುತ್ತಿದ್ದ.

"ಕಬ್ಬಿಣಕ್ಕೂ ಆಯುಷ್ಯ ಐತ್ರಿ," ಎನ್ನುತ್ತಿದ್ದ. "ಮೂರು ವರ್ಷ ಆತಂದ್ರ ಒಳಗಿಂದೊಳಗ ದಣಿತೈತಿ. ಹೊರಗ ಬಣ್ಣ ಕಾಣತೈತಿ, ಒಳಗ ಜೀವ ಇರೂದಿಲ್ಲ. ಅದರ ಮ್ಯಾಲ ಕೂಸಿನ್ನ ಕುಂದ್ರಸೂದಂದ್ರ ಬಾವಿ ಕಟ್ಟಿ ಮ್ಯಾಲ ಮಲಗಿಸಿದಂಗ."

ಕೇಳಿದವರು ತಲೆದೂಗಿ ಹೊಸ ಸೀಟು ಹಾಕಿಸಿಕೊಂಡು ಹೋಗುತ್ತಿದ್ದರು. ಗೊಬ್ಬರದ ಅಂಗಡಿಯವನು ಹಾಕಿಸಿದ, ಪೋಸ್ಟ್‌ಮನ್ ಹಾಕಿಸಿದ, ಮುಳಗುಂದದಿಂದ ಹತ್ತಿ ಮಾರಲು ಬಂದವರೂ ಹಾಕಿಸಿಕೊಂಡು ಹೋದರು. ಹೀಗೆ ಮೂರು ತಾಲೂಕಿನ ಕೂಸುಗಳ ಪ್ರಾಣರಕ್ಷಣೆಯ ಗುತ್ತಿಗೆ ಹಿಡಿದ ಈ ಮಹಾನುಭಾವನ ಸ್ವಂತ ಸೈಕಲ್ಲಿಗಿದ್ದ ಸೀಟಿಗೆ ಮಾತ್ರ, ಈ ಕಥೆ ನಡೆದ ಎಪ್ಪತ್ತೆಂಟನೆಯ ಇಸವಿಗೆ, ಬರೋಬ್ಬರಿ ಹನ್ನೊಂದು ವರ್ಷ.

ಹಿರಿಯ ಮಗ ಅಲ್ಲಾಉದ್ದೀನ ಹುಟ್ಟಿದ ಖುಷಿಯಲ್ಲಿ ತಾನೇ ಕಾಸಿ, ಬಗ್ಗಿಸಿ, ಬೆಸೆದು ಮಾಡಿದ ಸೀಟು ಅದು. ಅಲ್ಲಾಉದ್ದೀನ ಕೂತು ಇಳಿದ, ಅವನ ಬೆನ್ನಿಗೆ ಹುಟ್ಟಿದ ಇಬ್ಬರು ಕೂತು ಇಳಿದರು, ಈಗ ನಾಲ್ಕು ವರ್ಷದ ಅಖ್ತರಿ ಕೂರುತ್ತಿದ್ದಳು. ಮೊದಲಿನ ಮೂವರೂ ಅದರ ಮೇಲೆ ಧಾರಾಳವಾಗಿ ಉಚ್ಚೆ ಹೊಯ್ದಿದ್ದರು. (ಉಪ್ಪುನೀರು ಕಬ್ಬಿಣಕ್ಕೆ ವಿಷವೆಂಬುದೂ ಮಲಂಗಸಾಬನ ಉಪದೇಶದಲ್ಲಿ ಬರುತ್ತಿತ್ತು, ಗಿರಾಕಿಗಳ ಪಾಲಿಗೆ.) ಖಾತುನಬಿ ಬಟ್ಟೆಯ ತುದಿಯಿಂದ ತಿಕ್ಕಿ ನೋಡಿದ್ದಳು, ಬೆಸುಗೆಯ ಜಾಗದಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟಿತ್ತು. ಹೇಳಿದರೆ ಅವನು ನಕ್ಕಿದ್ದ.

ಪ್ರತಿದಿನ ಮುಂಜಾನೆ ಮಲಂಗಸಾಬ ಅಂಗಡಿಗೆ ಹೋಗುವಾಗ ಅಖ್ತರಿಯನ್ನು ಸ್ಟೇಷನ್ ಹತ್ತಿರದ ಬಾಲವಾಡಿಗೆ ಬಿಟ್ಟು, ಮಧ್ಯಾಹ್ನ ಊಟಕ್ಕೆ ಬರುವಾಗ ಕರೆತರುತ್ತಿದ್ದ. ಬೆಟಗೇರಿಯ ಅವರ ಓಣಿಯಿಂದ ಅದು ಎರಡು ಮೈಲಿ. ಅಖ್ತರಿಯನ್ನು ಅಲ್ಲಿಗೇ ಹಾಕಬೇಕೆಂದು ಹಟ ಹಿಡಿದವಳು ಖಾತುನಬಿ. ಹೆಬ್ಬೆಟ್ಟು ಒತ್ತುವಾಗಿನ ನಾಚಿಕೆ ಏನೆಂದು ಆಕೆಗೆ ಗೊತ್ತಿತ್ತು, ಮಗಳಿಗೆ ಅದು ಬೇಡವಾಗಿತ್ತು. ಒಂದು ದಿನ ರೈಲ್ವೆ ಗೇಟಿನ ಹಳಿ ದಾಟುವಾಗ ಸೀಟು ಕಟಕ್ಕೆಂದು ಒಂದು ಕಡೆ ವಾಲಿ ಮಗುವಿನ ಗದ್ದ ಹ್ಯಾಂಡಲ್ಲಿಗೆ ಬಡಿಯಿತು. ಮೂರು ಹೊಲಿಗೆ ಬಿದ್ದವು. ಸೀಟು ಕಲ್ಲಿನಂತಿದೆ, ನಿನ್ನ ಮಗಳಿಗೇ ನೆಟ್ಟಗೆ ಕೂರಲು ಬರುವುದಿಲ್ಲ ಎಂದು ಮಲಂಗಸಾಬ ತೀರ್ಪು ಕೊಟ್ಟ. (ಪಾಟಿಯ ಮೇಲೆ ಅಕ್ಷರ ಬರೆದು ತೋರಿಸಿದ ದಿನ ಅವಳು ಅವನ ಮಗಳು, ಗದ್ದ ಒಡೆದುಕೊಂಡ ದಿನ ಈಕೆಯ ಮಗಳು.) ವಾಲಿದ ಕಡೆ ಎರಡು ಸುತ್ತು ತಂತಿ ಬಿಗಿದು ಮರುದಿನ ಮತ್ತೆ ಅದರ ಮೇಲೆಯೇ ಕೂರಿಸಿಕೊಂಡು ಹೋದ.

ಅಂದಿನಿಂದ ಖಾತುನಬಿ ಮುಂಜಾನೆಯ ರೊಟ್ಟಿಯನ್ನು ಅರ್ಧಕ್ಕೆ ಬಿಟ್ಟು ಏಳುತ್ತಿದ್ದಳು. ಸೈಕಲ್ಲು ಓಣಿಯ ಮೂಲೆ ತಿರುಗುವವರೆಗೂ ಬಾಗಿಲಲ್ಲಿ ನಿಂತು ಆ ತಂತಿಯನ್ನೇ ನೋಡುತ್ತಿದ್ದಳು. ಕೇಳಿದಳು, ಅತ್ತಳು, ಬೈದಳು, ಎರಡು ದಿನ ಮಾತು ಬಿಟ್ಟಳು. ಮಾತು ಬಿಟ್ಟದ್ದು ಮಲಂಗಸಾಬನಿಗೆ ಗೊತ್ತೇ ಆಗಲಿಲ್ಲ. ಅಂಗಡಿಯಲ್ಲಿ ತೂಗುಹಾಕಿದ ಹೊಸ ಸೀಟುಗಳಲ್ಲಿ ಒಂದನ್ನು ತರಬಾರದೇ ಎಂದು ಕೇಳಿದರೆ, ತಾನು ಮಾಡಿದ್ದನ್ನು ಬಿಟ್ಟು ಲುಧಿಯಾನದ ಮಾಲು ಹಾಕಿಕೊಂಡರೆ ಪೇಟೆಯಲ್ಲಿ ತನ್ನ ಕೈಗೆ ಏನು ಕಿಮ್ಮತ್ತು ಉಳಿಯಿತು ಎಂದು ತಿರುಗಿ ಕೇಳಿದ.

ಕೈ ಎಂಬ ಮಾತು ಕಿವಿಗೆ ಬಿದ್ದಾಗಲೇ ಖಾತುನಬಿಗೆ ಆ ಘನವಾದ ಯೋಚನೆ ಹೊಳೆದದ್ದು. ಸೈಕಲ್ ಮಿಸ್ತ್ರಿಗಳಲ್ಲಿ ಒಂದು ಪದ್ಧತಿಯುಂಟು. ಯಾವ ಸಾಮಾನು ಕೈಗೆ ಬಂದರೂ ಅದನ್ನು ಮುಟ್ಟುವ ಮೊದಲು ಹಿಂದೆ ರಿಪೇರಿ ಮಾಡಿದವನನ್ನು ಬೈಯಬೇಕು. "ಇದನ್ನ ಯಾರ ಕಡೆ ಮಾಡಿಸಿದ್ರಿ?" ಎಂದು ಕೇಳಿ, ಹಣೆ ಗಂಟಿಕ್ಕಿ, ಉತ್ತರಕ್ಕೆ ಕಾಯದೆ ನಾಲಗೆ ಲೊಚಗುಟ್ಟಬೇಕು. ಅರ್ಧ ಕೆಲಸ ಅಲ್ಲಿಗೆ ಮುಗಿದಂತೆ. ಮಲಂಗಸಾಬ ಈ ಪದ್ಧತಿಯನ್ನು ನಮಾಜಿಗಿಂತ ತಪ್ಪದೆ ಪಾಲಿಸುತ್ತಿದ್ದ. ಹಾಗಾದರೆ ಅವನ ಸೀಟನ್ನೇ ಬೇರೆಯವರದೆಂದು ಅವನ ಮುಂದೆ ಇಟ್ಟರೆ ಹೇಗೆ? ತನ್ನ ಬಾಯಿಂದಲೇ ಅದಕ್ಕೆ ಮರಣದಂಡನೆ ಕೊಟ್ಟ ಮೇಲೆ ಮನೆಗೆ ಬಂದು ಏನೆಂದು ವಾದ ಮಾಡುತ್ತಾನೆ?

ಶನಿವಾರ ಮಧ್ಯಾಹ್ನ ಬಾಲವಾಡಿ ಬಿಟ್ಟ ಮೇಲೆ ಸೀಟು ಸೈಕಲ್ಲಿನಿಂದ ಕಳಚಿ ಮನೆಯ ಗೋಡೆಯ ಮೊಳೆಗೆ ಬಂದಿತ್ತು. ಸೋಮವಾರದವರೆಗೆ ಅದನ್ನು ಕೇಳುವವರಿಲ್ಲ. ಖಾತುನಬಿ ತಂತಿ ಬಿಚ್ಚಿ, ಬೂದಿ ಹಾಕಿ ತಿಕ್ಕಿ, ಕಿಟಕಿಗೆ ಹಚ್ಚಿ ಉಳಿದಿದ್ದ ಹಸಿರು ಬಣ್ಣ ಬಳಿದಳು. ಹಳೆಯ ಮೆತ್ತೆ ಕಿತ್ತು ಹೂವಿನ ಚೀಟಿ ಬಟ್ಟೆಯದೊಂದು ಹೊಲಿದು ಕೂರಿಸಿದಳು. ಹನ್ನೊಂದು ವರ್ಷ ಕಣ್ಣೆದುರಿಗಿದ್ದದ್ದನ್ನು ಗಂಡಸರು ನೋಡಿರುವುದಿಲ್ಲ ಎಂಬುದರಲ್ಲಿ ಆಕೆಗೆ ಸಂಶಯವಿರಲಿಲ್ಲ; ಆಕೆಯೂ ಅವನ ಕಣ್ಣೆದುರಿಗೆ ಹದಿಮೂರು ವರ್ಷದಿಂದ ಇದ್ದವಳು. ಪಕ್ಕದ ಮನೆಯ ಉಡಚವ್ವನಿಗೆ ಪಾಠ ಹೇಳಿಕೊಟ್ಟದ್ದೂ ಆಯಿತು. ಉಡಚವ್ವನ ಗಂಡ ಕಳಕಪ್ಪನದೊಂದು ಸೈಕಲ್ಲಿತ್ತು, ಮನೆಯಲ್ಲಿ ಎರಡು ವರ್ಷದ ಮೊಮ್ಮಗನಿದ್ದ. ಸೀಟನ್ನು ತೋರಿಸಬೇಕು, ಬೈಗುಳ ಕೇಳಬೇಕು, ಸೀಟನ್ನು ವಾಪಸು ತರಬೇಕು. ಅಷ್ಟೇ ಕೆಲಸ.

ಭಾನುವಾರ ಮುಂಜಾನೆ ಖಾತುನಬಿ ಸೆರಗು ಮುಂದೆ ಎಳೆದುಕೊಂಡು, ಅಂಗಡಿಯ ಎದುರಿಗೆ ಉಳ್ಳಾಗಡ್ಡಿ ಮಾರುವವಳ ಪಕ್ಕದಲ್ಲಿ ಕೂತಳು. ಉಡಚವ್ವ ಸೀಟನ್ನು ಗಂಡನ ಸೈಕಲ್ಲಿನ ಮೇಲಿಟ್ಟು ತಳ್ಳಿಕೊಂಡು ಬಂದಳು. ನಾಟಕ ಖಾತುನಬಿ ಬರೆದಂತೆಯೇ ಶುರುವಾಯಿತು. ಮಲಂಗಸಾಬ ಸೀಟು ಎತ್ತಿ ಬೆಳಕಿಗೆ ಹಿಡಿದ, ಹಣೆ ಗಂಟಿಕ್ಕಿದ, ಲೊಚಗುಟ್ಟಿದ. ಇದು ಮುಳಗುಂದದ ಕೆಲಸ, ಅಲ್ಲಿಯವರು ಬೆಲ್ಲದ ಪಾಕದಲ್ಲಿ ಬೆಸುಗೆ ಹಾಕುತ್ತಾರೆ ಎಂದ. ಚಹಾ ಕುಡಿಯುತ್ತಿದ್ದ ನಾಲ್ಕು ಮಂದಿ ನಕ್ಕರು. ನಕ್ಕದ್ದೇ ಅವನಿಗೆ ಏರಿತು. ಬಿರುಕು ತೋರಿಸಿದ, ಆಯುಷ್ಯದ ಉಪದೇಶವನ್ನು ಮೊದಲಿನಿಂದ ಕೊನೆಯವರೆಗೆ ಒಪ್ಪಿಸಿದ. ಬಳಿಕ, "ಇದನ್ನ ಮಾಡಿದ ಕೈಯಾಗ ಯಾರೂ ಕೂಸು ಕೊಡಬಾರದ್ರಿ," ಎಂದು ಗಟ್ಟಿಯಾಗಿ ಹೇಳಿದ.

ಖಾತುನಬಿಗೆ ಕೂತಲ್ಲಿಯೇ ಕುಣಿಯುವಂತಾಯಿತು. ಅಷ್ಟರಲ್ಲಿ ಮಲಂಗಸಾಬ ಸುತ್ತಿಗೆ ಕೇಳಿದ. ಕೆಟ್ಟ ಸೀಟು ಇಡಿಯಾಗಿ ಅಂಗಡಿಯಿಂದ ಹೊರಗೆ ಹೋಗಬಾರದು, ಯಾರಾದರೂ ಬಡವರು ತಿಪ್ಪೆಯಿಂದ ಆಯ್ದು ಮತ್ತೊಂದು ಕೂಸನ್ನು ಕೂರಿಸುತ್ತಾರೆ ಎಂದು ಸಭೆಗೆ ತಿಳಿಸಿದ. ಉಡಚವ್ವ ಬೇಡಬೇಡವೆನ್ನುವಷ್ಟರಲ್ಲಿ ಮೂರು ಏಟಿಗೆ ಹನ್ನೊಂದು ವರ್ಷ ನಾಲ್ಕು ತುಂಡಾಯಿತು. ಅದೂ ಸಾಲದೆಂಬಂತೆ, ಮೆಚ್ಚಿ ನೋಡುತ್ತಿದ್ದ ಮಂದಿಯ ಮುಂದೆ ದೊಡ್ಡವನಾಗುವ ಆಸೆಗೆ, ಅಂಗಡಿಯಲ್ಲಿ ಉಳಿದಿದ್ದ ಕಟ್ಟಕಡೆಯ ಹೊಸ ಸೀಟನ್ನು ಇಳಿಸಿ ಕಳಕಪ್ಪನ ಸೈಕಲ್ಲಿಗೆ ತಾನೇ ಕೂರಿಸಿದ. ಓಣಿಯ ಕೂಸು ಅಂದರೆ ನನ್ನ ಕೂಸೇ, ನೀವು ಒಂದು ಪೈಸೆ ಕೊಡಬಾರದು ಎಂದ. ಉಡಚವ್ವ ಎರಡು ಸಲ ಬೇಡವೆಂದು, ಮೂರನೆಯ ಸಲ ಸುಮ್ಮನಾದಳು. ಎದುರಿಗೆ ಕೂತ ಖಾತುನಬಿಯ ಕಡೆ ತಿರುಗಿಯೂ ನೋಡದೆ ಸೈಕಲ್ ತಳ್ಳಿಕೊಂಡು ಹೊರಟೇಹೋದಳು.

ಆದರೂ ಗೆಲುವು ಗೆಲುವೇ ಅಲ್ಲವೇ ಎಂದು ಖಾತುನಬಿ ಸಮಾಧಾನ ಮಾಡಿಕೊಂಡಳು. ಮಧ್ಯಾಹ್ನ ಊಟಕ್ಕೆ ಬಂದ ಮಲಂಗಸಾಬ ಆ ಪರಾಕ್ರಮವನ್ನೆಲ್ಲ ತಾನೇ ವರ್ಣಿಸಿದ. ಆಕೆ ರೊಟ್ಟಿ ನೀಡುತ್ತ ಪೂರ್ತಿ ಕೇಳಿದಳು. ಆಮೇಲೆ, "ನಮ್ಮ ಸೀಟು ಎಲ್ಲೈತಿ, ಸ್ವಲ್ಪ ನೋಡ್ರಿ," ಎಂದಳು.

ಅವನು ಬರಿದಾದ ಮೊಳೆ ನೋಡಿದ. ತಾಟಿನ ಅಂಚಿಗಿದ್ದ ಆಕೆಯ ಬೆರಳುಗಳನ್ನು ನೋಡಿದ. ಉಗುರುಗಳಲ್ಲಿ ಹಸಿರು ಬಣ್ಣ ಇನ್ನೂ ಕೂತಿತ್ತು. ಹದಿಮೂರು ವರ್ಷದಲ್ಲಿ ಮೊದಲ ಸಲ ಮಲಂಗಸಾಬ ಆಕೆಯ ಮುಂದೆ ತಲೆ ತಗ್ಗಿಸಿದ. ಚೊಚ್ಚಲ ಮಗನಿಗೆಂದು ರಾತ್ರಿಯೆಲ್ಲ ಕೂತು ಮಾಡಿದ್ದನ್ನು ತಾನೇ ಜಜ್ಜಿ ಬಂದವನ ಮುಖ ಕಂಡು ಖಾತುನಬಿಗೆ ಪಾಪವೆನಿಸಿತು. ಇಷ್ಟು ಮಾಡಬಾರದಿತ್ತೇನೋ ಎಂದುಕೊಂಡು ಕೇಳದೆಯೇ ಇನ್ನೊಂದು ರೊಟ್ಟಿ ಹಾಕಿದಳು. ಆ ರೊಟ್ಟಿಯನ್ನೂ ಮುಗಿಸಿ ಕೈ ತೊಳೆಯುವಷ್ಟರಲ್ಲಿ ಅವನ ತಲೆ ಮತ್ತೆ ಮೇಲೆದ್ದಿತ್ತು.

"ನೀ ಹೇಳಿದ್ದ ಖರೆ ಐತಿ," ಎಂದ, ಬಲು ಶಾಂತನಾಗಿ. "ಆ ಕೈಯಾಗ ಕೂಸು ಕೊಡಬಾರದು ಅಂತ ನಾಕ ಮಂದಿ ಮುಂದ ಅಂದೇನಿ. ನಾಳಿಂದ ಅಖ್ತರಿನ್ನ ನೀನ ಕರಕೊಂಡ ಹೋಗು."

ಹೊಸದೊಂದು ಸೀಟು ಹಾಕಿದರಾಯಿತಲ್ಲ ಎಂದಳು ಖಾತುನಬಿ. ಇದ್ದ ಒಂದು ಉಡಚವ್ವನ ಪಾಲಾಯಿತು, ಮಾಲು ಬರುವುದು ಯಾವಾಗಲೋ ಎಂದ. ಮಾಲು ಬಂದ ಮೇಲೆ ಎಂದಳು. "ಅದನ್ನ ಹಾಕೂ ಕೈನೂ ಇದ ಐತಿ," ಎಂದು ಎರಡೂ ಅಂಗೈ ಚಾಚಿ ತೋರಿಸಿ, ಟೋಪಿ ಹಾಕಿಕೊಂಡು ಅಂಗಡಿಗೆ ಹೋದ. ಮುಂದೆ ಮಾಲೂ ಬಂತು, ಮಾರಿಯೂ ಹೋಯಿತು. ಕೇಳಿದಾಗಲೆಲ್ಲ ಅವನು ಅಂಗೈ ಚಾಚಿದ.

ಸೋಮವಾರದಿಂದ ಖಾತುನಬಿಯ ನಡಿಗೆ ಶುರುವಾಯಿತು. ಬಾಲವಾಡಿ ಬಿಡಿಸುವ ಮಾತೇ ಇರಲಿಲ್ಲ. ಅದನ್ನು ಬಿಟ್ಟರೆ ಇಷ್ಟೆಲ್ಲ ಜಗಳ ಯಾತಕ್ಕೆ ಆಡಿದಂತಾಯಿತು? ಅಖ್ತರಿ ಅರ್ಧ ಮೈಲಿ ನಡೆದು ಕೂತುಬಿಡುತ್ತಿದ್ದಳು. ಉಳಿದದ್ದು ತಾಯಿಯ ಟೊಂಕದ ಮೇಲೆ. ಹೋಗುವಾಗ ಎರಡು ಮೈಲಿ, ಬರುವಾಗ ಎರಡು ಮೈಲಿ, ಮಧ್ಯಾಹ್ನ ಕರೆತರಲು ಮತ್ತಷ್ಟು. ಕಂಡಿಕೆ ಅರ್ಧಕ್ಕೆ ಇಳಿದವು, ನೇಕಾರರು ಮುಖ ಸಿಂಡರಿಸತೊಡಗಿದರು. ದಾರಿಯಲ್ಲಿ ಕಳಕಪ್ಪ ಮೊಮ್ಮಗನನ್ನು ಥಳಥಳಿಸುವ ಸೀಟಿನ ಮೇಲೆ ಕೂರಿಸಿಕೊಂಡು ಗಂಟೆ ಬಾರಿಸುತ್ತ ದಾಟಿ ಹೋಗುತ್ತಿದ್ದ. ಅಖ್ತರಿ ಕೈ ಮಾಡುತ್ತಿದ್ದಳು. ಖಾತುನಬಿಗೆ ಕಣ್ಣಲ್ಲಿ ನೀರು ಬರುತ್ತಿತ್ತು, ದುಃಖಕ್ಕಲ್ಲ, ಸಿಟ್ಟಿಗೆ.

ಇತ್ತ ಮಲಂಗಸಾಬನ ಕೀರ್ತಿ ಶಿರಹಟ್ಟಿ ಮುಂಡರಗಿಗಳವರೆಗೆ ಹಬ್ಬಿತು. ಮುರಿದದ್ದು ತನ್ನದೇ ಸೀಟೆಂಬುದನ್ನು ಅವನು ಮುಚ್ಚಿಡಲಿಲ್ಲ. ಬದಲಿಗೆ ಅದನ್ನೇ ಬಾಯಿ ತುಂಬ ಸಾರಿದ. ಸ್ವಂತ ಮಗಳ ಸೀಟನ್ನೇ ಸುತ್ತಿಗೆಯಿಂದ ಜಜ್ಜಿದವನು, ಆಡಿದ ಮಾತಿಗೆ ತಪ್ಪಾದೀತೆಂದು ಮಗಳನ್ನು ಸೈಕಲ್ ಮುಟ್ಟಿಸದವನು ಎಂದು ಮಂದಿ ಹುಡುಕಿಕೊಂಡು ಬಂದರು. ಡೋಣಿ ಊರಿನಿಂದ ಬಂದಿದ್ದ ಮುದುಕನೊಬ್ಬ, ದಾರಿಯಲ್ಲಿ ಮಗುವನ್ನು ಹೊತ್ತು ಹೋಗುತ್ತಿದ್ದ ಖಾತುನಬಿಯನ್ನು ನಿಲ್ಲಿಸಿ, ಇಂಥ ಗಂಡ ಸಿಗಲು ಪುಣ್ಯ ಮಾಡಿರಬೇಕವ್ವ ಎಂದು ಹೇಳಿ ಹೋದ.

ಮಳೆಗಾಲ ಮುಗಿಯುವ ಹೊತ್ತಿನ ಒಂದು ಮುಂಜಾನೆ ಆಕೆ ಅಂಗಡಿಯ ಮುಂದೆ ಹಾಯುವಾಗ ಮಲಂಗಸಾಬ ಗಿರಾಕಿಗಳ ನಡುವೆ ನಿಂತಿದ್ದ. ಹೆಂಡತಿ ಹೆಜ್ಜೆಗೊಮ್ಮೆ ಕುಂಟುವುದನ್ನು ಕಂಡ. ಕಂಡವನು ಎಲ್ಲರಿಗೂ ಕೇಳುವಂತೆ ಕೂಗಿ ಹೇಳಿದ: "ಏ ಖಾತುನ, ದಿನಾ ಒಂದ ಕಡೆ ಹೊರಬ್ಯಾಡ. ಆ ಕಡೆ ಕೀಲು ಸವಿತೈತಿ. ಬದಲ ಮಾಡು."

ಗಿರಾಕಿಗಳು ತಲೆದೂಗಿದರು. ಖಾತುನಬಿ ತಿರುಗಿ ನೋಡಲಿಲ್ಲ. ಹಲ್ಲು ಕಚ್ಚಿಕೊಂಡು, ಅದೇ ಟೊಂಕದ ಮೇಲೆ ಮಗುವನ್ನು ಇನ್ನಷ್ಟು ಬಿಗಿಯಾಗಿ ಹಿಡಿದು, ನೆಟ್ಟಗೆ ನಡೆದು ಮೂಲೆ ತಿರುಗಿದಳು. ಅಲ್ಲಿಂದ ಅಂಗಡಿ ಕಾಣುವುದಿಲ್ಲವೆಂದು ಎರಡು ಸಲ ನೋಡಿ ಖಾತ್ರಿ ಮಾಡಿಕೊಂಡ ಮೇಲೆ ಅಖ್ತರಿಯನ್ನು ಇನ್ನೊಂದು ಕಡೆಗೆ ಬದಲಿಸಿದಳು. ನೋವು ತಟ್ಟನೆ ಕಡಿಮೆಯಾಯಿತು.