ಕೌಶಲಕ್ಕೆ ಸೊನ್ನೆ

ಲಿಫ್ಟು ಮೆಕ್ಯಾನಿಕ್ಕನ ನಿದ್ದೆ ಕೆಡಿಸಿದ್ದು ಒಂದೇ ಒಂದು ಪದ: ಹೆಲ್ಪರ್.

ಇಪ್ಪತ್ತೆರಡು ವರ್ಷ ಲಿಫ್ಟುಗಳ ಹೊಟ್ಟೆ ಬಗೆದು ರಿಪೇರಿ ಮಾಡಿದವನಿಗೆ ಕಂಪನಿ ಕೊಟ್ಟ ಅನುಭವಪತ್ರದಲ್ಲಿ ಹಾಗಂತ ಬರೆದಿತ್ತು. ಕಂಪನಿಗೆ ತಿಂಗಳ ಕೊನೆಗೆ ಬೀಗ. ಕೆಲಸಗಾರರನ್ನು ಅಂಕ ನೋಡಿ ಕರೆಸಿಕೊಳ್ಳುವ ಹೊರದೇಶವೊಂದೇ ಉಳಿದ ದಾರಿ. ಆದರೆ ನಾಳೆ ಅವನಿಗೆ ನಲವತ್ತೈದು ತುಂಬುತ್ತಿತ್ತು; ಆಮೇಲೆ ಅರ್ಜಿಯನ್ನು ಮೂಸಿಯೂ ನೋಡುವುದಿಲ್ಲ. ಇವತ್ತು ಸಂಜೆ ನಾಲ್ಕೇ ಗಡುವು.

ಬೆಳಗಾಗುವಷ್ಟರಲ್ಲಿ ಮೇಲಿನ ಮನೆಯ ನಿವೃತ್ತ ಲೆಕ್ಕದ ಮೇಷ್ಟ್ರು ಕರೆಯದೆ ಬಂದು ಕೂತಿದ್ದರು.

"ವಯಸ್ಸಿಗೆ ಹದಿನೈದು, ಭಾಷೆಗೆ ಇಪ್ಪತ್ತು, ಓದಿಗೆ ಹತ್ತು, ದುಡಿದ ವರ್ಷಕ್ಕೆ ಹದಿನೈದು. ಕೌಶಲಕ್ಕೆ ಸೊನ್ನೆ. ಒಟ್ಟು ಅರವತ್ತು. ಬೇಕಾದ್ದು ಅರವತ್ತೈದು. ನನ್ನ ಕ್ಲಾಸಲ್ಲಾಗಿದ್ರೆ ಫೇಲು!"

"ಸೊನ್ನೆ ಯಾಕೆ ಮೇಷ್ಟ್ರೇ? ನಿಮ್ಮ ಮಗಳ ಆಫೀಸಿನ ಲಿಫ್ಟು ರಿಪೇರಿ ಮಾಡಿದ್ದು ಯಾರು?"

"ನೀನೇ. ಆದ್ರೆ ಹೆಲ್ಪರ್‌ಗೆ ಕೌಶಲ ಇರಲ್ವಂತೆ. ಇಲ್ಲಿ ನಿಯಮದಲ್ಲೇ ಅಚ್ಚಾಗಿದೆ ನೋಡು."

ಕೆಳಮನೆಯ ಟೈಲರಕ್ಕ ಬಾಗಿಲಲ್ಲೇ ನಿಂತು ತನ್ನದೂ ಒಂದು ಒಗ್ಗರಣೆ ಹಾಕಿದಳು. "ಹೆಂಡತಿ ಡಿಗ್ರಿ ಮಾಡಿದ್ರೆ ಐದು ಅಂಕ ಜಾಸ್ತಿಯಂತೆ ಕಣಪ್ಪಾ."

ಒಳಗಿನಿಂದ ಹೆಂಡತಿಯ ದನಿ ಬಂತು. "ಹಾಗಾದ್ರೆ ಡಿಗ್ರಿಯೋಳನ್ನೇ ಕಟ್ಕೊಳ್ಳಲಿ. ನಾಲ್ಕು ಗಂಟೆಯೊಳಗೆ!"

ಮೆಕ್ಯಾನಿಕ್ಕು ಬಾಲ ಸುಟ್ಟ ಬೆಕ್ಕಿನಂತೆ ಕಂಪನಿಗೆ ಓಡಿದ. ಮ್ಯಾನೇಜರು ಕುರ್ಚಿ, ಫ್ಯಾನುಗಳನ್ನೆಲ್ಲ ಪಟ್ಟಿ ಮಾಡಿಸುತ್ತಿದ್ದರು.

"ಆ ಪದ ಬದಲಾಯಿಸೋಕೆ ಹೆಡ್ಡಾಫೀಸು ಒಪ್ಪಬೇಕು. ಎಂಟು ದಿನ."

"ಎಂಟು ದಿನಕ್ಕೆ ನಾನು ಮುದುಕ ಆಗಿರ್ತೀನಿ ಸಾರ್! ಇಷ್ಟು ವರ್ಷದಲ್ಲಿ ಒಂದು ಲಿಫ್ಟಾದ್ರೂ ಬೀಳಿಸಿದೀನಾ?"

"ಆಗಿದ್ದು ಅದೇ ತಪ್ಪು," ಎಂದರು ಮ್ಯಾನೇಜರು ಮರುಕದಿಂದ. "ಬೀಳಿಸಿದ್ದಿದ್ರೆ ನಿನ್ನ ಹೆಸರಲ್ಲಿ ಒಂದು ದಾಖಲೆಯಾದ್ರೂ ಇರ್ತಿತ್ತು."

ಕೈಕಾಲು ಹಿಡಿದು ಬೇಡೋಣ ಎಂದುಕೊಂಡು ಅವನು ಅದೇ ಅರವತ್ತು ಅಂಕದ ಕಡತ ಹೊತ್ತು ವಲಸೆ ಕಚೇರಿಗೆ ಬಂದಾಗ ಮೂರೂ ಕಾಲು. ಕಚೇರಿ ಐದನೇ ಮಹಡಿಯಲ್ಲಿತ್ತು. ಲಿಫ್ಟಿನಲ್ಲಿ ಇನ್ನಿಬ್ಬರಿದ್ದರು: ಚಹಾ ಮುಗಿಸಿ ಮರಳುತ್ತಿದ್ದ ಅದೇ ಕಚೇರಿಯ ಅಧಿಕಾರಿಣಿ ಮತ್ತು ಇಟ್ಟಿಗೆಯಷ್ಟು ದಪ್ಪ ಕಡತ ಹಿಡಿದ ಕೋಟಿನ ಯುವಕ. ಮೂರನೇ ಮಹಡಿ ದಾಟಿ ಲಿಫ್ಟು ಒಮ್ಮೆ ಬಿಕ್ಕಳಿಸಿ ನಿಂತುಬಿಟ್ಟಿತು.

"ಅಯ್ಯೋ, ಉಸಿರು ಕಟ್ತಿದೆ!" ಎಂದು ಚೀರಿದ ಕೋಟಿನವನು ಕುಸಿದು ಕೂತು ಮೆಕ್ಯಾನಿಕ್ಕನ ಎರಡೂ ಕಾಲು ತಬ್ಬಿಕೊಂಡ.

ಅಧಿಕಾರಿಣಿ ಕೋಟಿನವನನ್ನು ನೋಡಿ ಬೆರಗಾದಳು. "ನಿಮ್ಮ ಅರ್ಜಿ ಬೆಳಿಗ್ಗೆ ತಾನೇ ನೋಡಿದೆ. ಲಿಫ್ಟ್ ಇಂಜಿನಿಯರ್, ಎಂಬತ್ತೈದು ಅಂಕ! ಏನಾದ್ರೂ ಮಾಡಿ."

"ನಾನು ಹಗ್ಗದ ಸವೆತದ ಬಗ್ಗೆ ಪ್ರಬಂಧ ಬರೆದಿದೀನಿ ಮೇಡಂ. ನಿಂತ ಲಿಫ್ಟಿನೊಳಗೆ ಇರೋದು ಇದೇ ಮೊದಲು!"

ಮೆಕ್ಯಾನಿಕ್ಕನಿಗೆ ಕಾಯಿಲೆ ಯಾವುದೆಂದು ಸದ್ದಿನಲ್ಲೇ ಗೊತ್ತಾಗಿತ್ತು. ಬಾಗಿಲ ಮೇಲಿನ ಸ್ವಿಚ್ಚು ಸರಿದಿತ್ತು, ಅಷ್ಟೆ. ಆದರೆ ಕಾಲು ಬಿಡಿಸಿಕೊಳ್ಳುವುದೇ ಒಂದು ಯುದ್ಧವಾಯಿತು. ಒಂದು ಕಾಲು ಕಿತ್ತರೆ ಇಂಜಿನಿಯರು ಇನ್ನೊಂದಕ್ಕೆ ಉಡದ ಹಾಗೆ ಅಂಟುತ್ತಿದ್ದ. ಇಪ್ಪತ್ತು ನಿಮಿಷ ಹೀಗೇ ಕಳೆಯಿತು. ಕೊನೆಗೆ ಅವನನ್ನೂ ಎಳೆದುಕೊಂಡೇ ಬಾಗಿಲ ತನಕ ಕುಂಟುತ್ತ ಹೋಗಿ, ಜೇಬಿನ ಬಾಚಣಿಗೆ ಮೇಲೆ ತೂರಿಸಿ ಒಮ್ಮೆ ತಳ್ಳಿದ. ಟಕ್ ಎಂದಿತು. ಲಿಫ್ಟು ಏರಿತು.

ಐದನೇ ಮಹಡಿಯಲ್ಲಿ ಅಧಿಕಾರಿಣಿಯ ಕಣ್ಣಲ್ಲಿ ನೀರು. "ಏನ್ರೀ ಕೈಗುಣ! ನಿಮ್ಮ ಕಡತ ಕೊಡಿ."

ಕಡತ ನೋಡಿ ಆಕೆಯ ಮುಖ ಬಾಡಿತು. ನಿಯಮದ ಪುಸ್ತಕವನ್ನು ಪರಪರ ತಿರುಗಿಸಿದಳು. ಒಮ್ಮೆಲೇ ಮೇಜು ಗುದ್ದಿದಳು. "ಸಿಕ್ತು! ಅಧಿಕಾರಿಯ ಕಣ್ಣೆದುರೇ ಕೌಶಲ ತೋರಿಸಿದ್ರೆ ಐದು ಅಂಕ. ಇಷ್ಟು ವರ್ಷದಲ್ಲಿ ಯಾರಿಗೂ ಕೊಟ್ಟಿಲ್ಲ. ನಿಮಗೆ ಕೊಡ್ತೀನಿ."

ಮೆಕ್ಯಾನಿಕ್ಕನಿಗೆ ನೆಲವೇ ಮೇಲೇರಿದಂತಾಯಿತು. ಐದು! ಹೆಂಡತಿಗೆ ಏನಂತ ಹೇಳಲಿ, ಮೇಷ್ಟ್ರ ಮುಖ ಹೇಗಾದೀತು ಎಂದು ಯೋಚಿಸುತ್ತ ಅವನು ನಿಂತಲ್ಲೇ ಕುಣಿದಾಡಿದ.

ಮೂರೂ ಐವತ್ತೆಂಟು. ಆಕೆ ಕಂಪ್ಯೂಟರಿಗೆ ಬರೆದಳು: ಕೆಟ್ಟ ಲಿಫ್ಟನ್ನು ಒಳಗಿದ್ದ ಲಿಫ್ಟು ಪರಿಣತರು ಸರಿಪಡಿಸಿದರು. ಗುಂಡಿ ಒತ್ತಿದಳು. ಯಂತ್ರ ಗುರ್ ಎಂದು ಇವತ್ತಿನ ಅರ್ಜಿಗಳಲ್ಲಿ ಲಿಫ್ಟು ಪರಿಣತರು ಯಾರೆಂದು ಹುಡುಕಿತು. ಸಿಕ್ಕಿದ್ದು ಒಬ್ಬರೇ. ಐದು ಅಂಕ ನೇರ ಇಂಜಿನಿಯರನ ಖಾತೆಗೆ ಬಿತ್ತು. ತೊಂಬತ್ತು.

"ಅಯ್ಯೋ, ಅವರಲ್ಲ, ಇವರು!" ಆಕೆ ಗುಂಡಿಗಳನ್ನೆಲ್ಲ ಕುಟ್ಟಿದಳು.

"ವಾಪಸು ತಗೊಳ್ಳಿ ಮೇಡಂ!"

"ಕೊಡೋಕೆ ಗುಂಡಿ ಇದೆ ಕಣ್ರೀ. ವಾಪಸು ತಗೊಳೋಕೆ ಮಾಡೇ ಇಲ್ಲ!"

ಗೋಡೆಯ ಗಡಿಯಾರ ನಾಲ್ಕು ಹೊಡೆಯಿತು. ಪರದೆ ತಾನೇ ಕಪ್ಪಾಯಿತು.

ಮೆಕ್ಯಾನಿಕ್ಕು ಕಡತವನ್ನು ಕಂಕುಳಲ್ಲಿ ಅಮುಕಿಕೊಂಡು ಮೆಟ್ಟಿಲಿಳಿದ. ಎರಡನೇ ಮಹಡಿಯ ಹತ್ತಿರ ಮೆಟ್ಟಿಲ ಮೇಲೇ ಕೂತ. ಹಿಂದೆ ದಡದಡ ಸದ್ದಾಯಿತು. ಏದುಸಿರು ಬಿಡುತ್ತ ಬಂದ ಇಂಜಿನಿಯರು ಪಕ್ಕದಲ್ಲೇ ಕೂತ. ಅವನ ಮುಖದ ಮೇಲೆ ಹರ್ಷವೂ ಇತ್ತು, ನಾಚಿಕೆಯೂ ಇತ್ತು.

"ಅಣ್ಣಾ, ತಪ್ಪು ತಿಳ್ಕೋಬೇಡಿ. ಅಲ್ಲಿನ ಕಂಪನಿಯೋರು ಆ ಐದು ಅಂಕ ನೋಡಿ ಈಗ ತಾನೇ ಫೋನ್ ಮಾಡಿದ್ರು. ನನ್ನನ್ನ ರಿಪೇರಿ ವಿಭಾಗದ ಮುಖ್ಯಸ್ಥ ಮಾಡ್ತಾರಂತೆ. ಲಿಫ್ಟು ಹೇಗೆ ಸರಿ ಮಾಡಿದ್ರಿ ಅಂತ ನಾಳೆ ವಿವರವಾಗಿ ಹೇಳ್ಬೇಕಂತೆ." ಜೇಬಿನಿಂದ ಪೆನ್ನು, ಪುಸ್ತಕ ತೆಗೆದ. "ಸ್ವಲ್ಪ ಮೊದಲಿಂದ ಹೇಳ್ಕೊಡ್ತೀರಾ?"

ಮೆಕ್ಯಾನಿಕ್ಕು ಅವನನ್ನು ದುರುಗುಟ್ಟಿ ನೋಡಿದ. ಬೈಗುಳ ನಾಲಿಗೆಯ ತುದಿಗೆ ಬಂದಿತ್ತು. ಆದರೆ ಸರಿದ ಸ್ವಿಚ್ಚಿನ ಬಗ್ಗೆ ಪೆನ್ನು ಹಿಡಿದು ಕೇಳುವವನು ಇಪ್ಪತ್ತೆರಡು ವರ್ಷದಲ್ಲಿ ಸಿಕ್ಕಿದ್ದು ಇವನೊಬ್ಬನೇ. ನಿಟ್ಟುಸಿರು ಬಿಟ್ಟು ಸ್ವಲ್ಪ ಸರಿದು ಕೂತ.

"ಬರ್ಕೋ," ಎಂದ. "ಮೊದಲನೇದು: ಪಕ್ಕದಲ್ಲಿರೋ ಹೆಲ್ಪರ್ ಕಾಲು ಬಿಡ್ಬೇಕು."