ಇಪ್ಪತ್ತೊಂದು ಬಟ್ಟಲಿನ ಹೆಸರು

ಹುಮನಾಬಾದದ ಬಜಾರಿನಲ್ಲಿ ಮಹಾರುದ್ರಪ್ಪನ ಭಾಂಡೆ ಅಂಗಡಿಗೆ ಹೋದವರಿಗೆ ಪಾತ್ರೆ ಕೊಳ್ಳುವುದು ಸುಲಭ, ಅದರ ಮೇಲೆ ಹೆಸರು ಹಾಕಿಸಿಕೊಂಡು ಹೊರಗೆ ಬರುವುದು ಕಷ್ಟ. ಸ್ಟೀಲು ಬಂದು ಹಿತ್ತಾಳೆ ತಾಮ್ರಗಳನ್ನು ಅಟ್ಟ ಹತ್ತಿಸುತ್ತಿದ್ದ ಕಾಲ ಅದು. ಮದುವೆಯಿರಲಿ, ಬಸುರಿಯ ಕುಬಸವಿರಲಿ, ಉಡುಗೊರೆಯ ಪಾತ್ರೆಯ ಮೇಲೆ ಹೆಸರಿಲ್ಲದಿದ್ದರೆ ಕೊಟ್ಟ ಹಾಗೇ ಅಲ್ಲ. ಕೊರೆಯುವವನು ಸ್ವತಃ ಮಹಾರುದ್ರಪ್ಪ. ಸಣ್ಣ ಉಳಿಯನ್ನು ಅಂಚಿಗೆ ಹಿಡಿದು, ಸುತ್ತಿಗೆ ಎತ್ತಿ, ಹೊಡೆಯುವ ಮೊದಲು ತಪ್ಪದೆ ಒಂದು ಪ್ರಶ್ನೆ ಕೇಳುತ್ತಿದ್ದ: "ಈ ಹೆಸರಿನ ಅರ್ಥ ಗೊತ್ತದೇನ್ರಿ?"

ಯಾರಿಗೆ ಗೊತ್ತಿರುತ್ತದೆ? ಜನ ಹೆಸರು ಇಟ್ಟುಕೊಂಡಿರುವುದು ಕರೆದರೆ ಓಗೊಡುವುದಕ್ಕೆ. ಆದರೆ ಮಹಾರುದ್ರಪ್ಪ ಬಿಡಬೇಕಲ್ಲ. ಅಮೋಘಸಿದ್ದಪ್ಪ ಎಂಬ ಕುರಿಗಾರ ಬಂದರೆ, 'ಅಮೋಘ' ಎಂದರೆ ಎಂದೂ ಹುಸಿ ಹೋಗದ್ದು ಎಂದು ವ್ಯಾಖ್ಯಾನ ಮಾಡಿ, ಅವನ ಬಗ್ಗಿದ ಬೆನ್ನು ನೆಟ್ಟಗಾಗುವಂತೆ ಮಾಡಿ ಕಳಿಸುತ್ತಿದ್ದ. ಕಲ್ಲಪ್ಪ, ಗುಂಡಪ್ಪ, ಅಡಿವೆಪ್ಪ ಬಂದರೆ ಮಾತ್ರ ಮುಖ ಹುಳಿಯಾಗುತ್ತಿತ್ತು. ಹುಟ್ಟಿದ ಕೂಸಿಗೆ ಕಲ್ಲು, ಕಾಡು ಎಂದು ಹೆಸರಿಡುವವರನ್ನು ಕಂಡರೆ ಅವನಿಗೆ ಆಗುತ್ತಿರಲಿಲ್ಲ. (ಯಾಕೆ ಆಗುತ್ತಿರಲಿಲ್ಲ ಎನ್ನುವುದು ಆಮೇಲೆ.)

ಒಮ್ಮೆ ಬೇಮಳಖೇಡದಿಂದ ಕುರಿ ಮಾರಲು ಬಂದಿದ್ದ ಧೂಳಮ್ಮ ಎಂಬ ಮುದುಕಿ ತಂಬಿಗೆ ಕೊಂಡು ಹೆಸರು ಹಾಕಲು ಹೇಳಿದಳು.

"ಧೂಳ ಅಂದ್ರ ಕಾಲಿಗಿ ಹತ್ತೂದು, ಝಾಡಿಸಿ ಒಗೆಯೂದು. ಇದೂ ಒಂದು ಹೆಸರೇನವ್ವಾ?" ಎಂದ ಮಹಾರುದ್ರಪ್ಪ.

"ನನಕಿಂತ ಮೊದಲ ನಮ್ಮವ್ವಗ ಮೂರು ಕೂಸು ಹೋಗಿದ್ವುರಿ ಸಾವಕಾರ್ರ. ನನ್ನ ಧೂಳದಾಗ ಉಳ್ಳಾಡಿಸಿ ಎತ್ಕೊಂಡ್ರು. ಧೂಳಿಗಿ ಯಾರು ದೃಷ್ಟಿ ಹಾಕ್ತಾರ? ಅರವತ್ತು ದಾಟೀತು, ಇನ್ನಾ ಅದೀನಿ. ನೀವು ಬರೀರಿ."

ಆ ದಿನ ಸುತ್ತಿಗೆ ಯಾಕೋ ಹೆಬ್ಬೆರಳಿನ ಮೇಲೆ ಬಿತ್ತು. ಪಾಠ ಅಲ್ಲಿಗೇ ನಿಂತಿತು.

ಇಂಥ ನಾಮಶಾಸ್ತ್ರ ಪಂಡಿತನಿಗೆ ಮದುವೆಯಾದ ಹನ್ನೊಂದನೇ ವರ್ಷಕ್ಕೆ ಒಬ್ಬ ಮಗ ಹುಟ್ಟಿದ. ಹಿಂದೆ ಎರಡು ಕೂಸು ಹುಟ್ಟಿ ಉಳಿದಿರಲಿಲ್ಲ. ಅದಕ್ಕೇ ಹೆಂಡತಿ ಭಾಗಮ್ಮ ಕೂಸಿನ ಮೂಗಿನ ಹತ್ತಿರ ಬೆರಳು ಹಿಡಿದು ಉಸಿರು ನೋಡುವುದರಲ್ಲೇ ಹೊತ್ತು ಕಳೆಯುತ್ತಿದ್ದಳು. ಮಹಾರುದ್ರಪ್ಪ ಹೆಸರು ಹುಡುಕುವುದರಲ್ಲಿ ಹೊತ್ತು ಕಳೆಯುತ್ತಿದ್ದ. ಒಂದು ನೋಟುಬುಕ್ಕಿನ ತುಂಬ ಹೆಸರು ಬರೆದ, ಅಳೆದ, ಸುರಿದ, ಹೊಡೆದುಹಾಕಿದ. ಕೊನೆಗೆ ಉಳಿದದ್ದು ಒಂದೇ: ಚಂದ್ರಶೇಖರ. ಚಂದ್ರನನ್ನು ತಲೆಯ ಮೇಲೆ ಇಟ್ಟುಕೊಂಡವನು. ಶಾಲೆಯಲ್ಲಿ ಹಾಜರಿ ಕರೆದಾಗ ಒಬ್ಬನೂ ನಗಲಾರದ ಹೆಸರು. ಮಗನನ್ನು ನೋಡಿ ಯಾರೂ ನಗಬಾರದು ಎನ್ನುವುದೊಂದೇ ಅವನ ಹಟ.

"ಹೆಸರು ಏನು ಹಿಡದೀರಿ, ನನಗರೆ ಹೇಳ್ರಿ," ಎಂದಳು ಭಾಗಮ್ಮ.

"ತೊಟ್ಟಿಲ ದಿನ ಎಲ್ಲಾರ ಮುಂದ ಹೇಳ್ತೀನಿ. ಕೇಳಿದವರು ಎದ್ದು ನಿಂದರಬೇಕು."

"ನಿಂದ್ರಲಿ. ಕರೆಯಾಕ ಸಸಾರ ಇದ್ರ ಸಾಕು."

ಅವನು ಅಷ್ಟಕ್ಕೇ ನಿಲ್ಲಲಿಲ್ಲ. ಬಂದ ಮುತ್ತೈದೆಯರಿಗೆ ಗುಗ್ಗರಿ ಹಂಚಲು ಇಪ್ಪತ್ತೊಂದು ಸ್ಟೀಲಿನ ಬಟ್ಟಲು ಆರಿಸಿ, ಪ್ರತಿಯೊಂದರ ಮೇಲೂ 'ಚಿ. ಚಂದ್ರಶೇಖರ, ನಾಮಕರಣ, ಹುಮನಾಬಾದ' ಎಂದು ತಾನೇ ಕೊರೆದ. ಇಡೀ ಒಂದು ವಾರ ಬಜಾರಿನ ಕಿವಿ ತೂತು ಬೀಳುವಂತೆ ಟಕಟಕ. ಮಗನ ಹೆಸರನ್ನು ಒಬ್ಬರೂ ಕರೆಯುವ ಮೊದಲೇ ಅದು ಇಪ್ಪತ್ತೊಂದು ಕಡೆ ಅಳಿಸಲಾರದಂತೆ ಕೂತುಬಿಟ್ಟಿತು.

ಹೆಸರನ್ನು ಕೂಸಿನ ಕಿವಿಯಲ್ಲಿ ಊದಬೇಕಾದವಳು ಸೋದರತ್ತೆ. ಅದು ಅವಳ ಹಕ್ಕು. ತಂದೆ, ತಾಯಿ, ಅಯ್ಯನವರು ಯಾರೂ ಅದಕ್ಕೆ ಕೈ ಹಾಕುವಂತಿಲ್ಲ. ಮಹಾರುದ್ರಪ್ಪನಿಗಿದ್ದವಳು ಒಬ್ಬಳೇ ಅಕ್ಕ, ರುಕ್ಮಿಣಿಬಾಯಿ. ಹುಟ್ಟಿದೂರು ಬಸವಕಲ್ಯಾಣದಲ್ಲೇ, ಊರೆಲ್ಲ ಮುಕದ್ದಮ್ ಮುತ್ಯಾ ಎಂದು ಕರೆಯುತ್ತಿದ್ದ ಹಿರಿಯರ ಮನೆಗೆ ಸೊಸೆಯಾಗಿ ಕೊಟ್ಟದ್ದು. ತಾಯಿ ಹಾಸಿಗೆ ಹಿಡಿದಿದ್ದರಿಂದ ತಮ್ಮನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಅವಳೇ. ಮದುವೆಯಾದ ಮೇಲೂ ತವರಿಗೆ ಬಂದಾಗ ಅಂಗಳದಲ್ಲಿ ಕೂತು, ಆಕಾಶ ತೋರಿಸಿ, "ನೋಡು ತಮ್ಮಾ, ಬಿಳೀ ರೊಟ್ಟಿ ಬಂತು," ಎಂದು ತುತ್ತು ಹಾಕುತ್ತಿದ್ದಳು. ಚಂದ್ರನಿಗೆ ಅವಳು ಬಿಳಿ ರೊಟ್ಟಿ ಎನ್ನದೆ ಬೇರೆ ಹೆಸರು ಹೇಳಿದ್ದೇ ಇಲ್ಲ. ಪಾಪ, ಅಕ್ಷರ ಕಲಿಯದವಳು ಎಂದುಕೊಂಡಿದ್ದ ಮಹಾರುದ್ರಪ್ಪ.

ತೊಟ್ಟಿಲ ದಿನ ರುಕ್ಮಿಣಿಬಾಯಿ ಮೊದಲನೇ ಬಸ್ಸಿಗೇ ಬಂದಿಳಿದಳು. ಕೈಯಲ್ಲಿ ಕೂಸಿನ ಕುಲಾಯಿ, ಅಂಗಿ; ಹೊಸ ಸೀರೆಯ ಸೆರಗಿನ ತುಂಬ ಸಂಭ್ರಮ. ಹನ್ನೊಂದು ವರ್ಷ ಈ ಒಂದು ದಿನಕ್ಕಾಗಿ ಕಾದಿದ್ದವಳು. ಪಡಸಾಲೆ ತುಂಬ ಹೆಂಗಸರು. ಹೆಸರು ಊದುವಾಗ ಅತ್ತೆಯ ಬೆನ್ನಿಗೆ ಗುದ್ದುವುದು ಪದ್ಧತಿಯಾದ್ದರಿಂದ, ಪಕ್ಕದ ಮನೆಯ ತುಳಜಾಬಾಯಿ ಬಳೆ ಹಿಂದೆ ಸರಿಸಿ ಮುಂಚೆಯೇ ಸಜ್ಜಾಗಿ ಕೂತಿದ್ದಳು.

"ಈಗರೆ ಹೇಳು ತಮ್ಮಾ, ಯಾವ ಹೆಸರು?" ಎಂದಳು ರುಕ್ಮಿಣಿಬಾಯಿ, ತೊಟ್ಟಿಲ ಮೇಲೆ ಬಗ್ಗಿ.

ಮಹಾರುದ್ರಪ್ಪ ಗಂಟಲು ಸರಿಮಾಡಿಕೊಂಡ. "ಚಂದ್ರಶೇಖರ," ಎಂದ.

ಯಾರೂ ಎದ್ದು ನಿಲ್ಲಲಿಲ್ಲ. ಬಗ್ಗಿದ್ದ ರುಕ್ಮಿಣಿಬಾಯಿ ಒಬ್ಬಳೇ ನೆಟ್ಟಗಾದಳು. ಸೆರಗು ಬಾಯಿಗೆ ಹೋಯಿತು.

"ಈ ಹೆಸರು ನಾ ತಗೊಳ್ಳಂಗಿಲ್ಲ."

"ಯಾಕ?"

"ನಮ್ಮ ಮಾವನವರದು."

ಮುಕದ್ದಮ್ ಮುತ್ಯಾನಿಗೂ ತಂದೆತಾಯಿ ಇಟ್ಟ ಒಂದು ಹೆಸರಿರುತ್ತದೆ ಎನ್ನುವುದು, ಊರ ಹೆಸರನ್ನೆಲ್ಲ ಜಾಲಾಡಿದ ಮಹಾರುದ್ರಪ್ಪನಿಗೆ ಒಮ್ಮೆಯೂ ಹೊಳೆದಿರಲಿಲ್ಲ. ಬಿಳಿ ರೊಟ್ಟಿಯ ಗುಟ್ಟು ಈಗ ತಿಳಿಯಿತು. ಗಂಡನ ಹೆಸರು, ಮಾವನ ಹೆಸರು ಸೊಸೆಯ ನಾಲಿಗೆಯ ಮೇಲೆ ಬರುವಂತಿಲ್ಲ; ಅದಕ್ಕಾಗಿ ಅಕ್ಕ ಮೂವತ್ತು ವರ್ಷ ಆಕಾಶದ ಚಂದ್ರನನ್ನೂ ಬಿಟ್ಟುಕೊಟ್ಟಿದ್ದಳು.

"ಅವರು ಹೋಗಿ ಹನ್ನೆರಡು ವರ್ಷ ಆತಲ್ಲ ಅಕ್ಕಾ. ಒಂದ ಸಲ ಹೇಳಿಬಿಡು."

"ಹೋದ್ರ ಮಾವ ಅಲ್ಲೇನು?"

ಮಹಾರುದ್ರಪ್ಪ ನೋಟುಬುಕ್ಕು ತರಿಸಿದ. "ವೀರಭದ್ರ?"

"ನಮ್ಮ ಭಾವನವರು."

"ರಾಜಶೇಖರ?"

"ಮಾವನವರ ಅರ್ಧಾ ಹೆಸರು ಅದರಾಗ ಅದ."

"ಸೋಮನಾಥ?"

"ಅದರ ಅರ್ಥನೂ ಬಿಳೀ ರೊಟ್ಟಿನೇ ಅಂತ ನೀನೇ ಹೇಳಿದ್ದೆಲ್ಲ, ಹ್ವಾದ ವರ್ಷ."

ತನ್ನ ವಿದ್ಯೆ ತನ್ನ ಕಾಲಿಗೇ ತೊಡರಿಕೊಂಡದ್ದನ್ನು ಅವನು ಮೊದಲ ಸಲ ಕಂಡ. ಒಳಗೆ ಇಪ್ಪತ್ತೊಂದು ಬಟ್ಟಲು ಗುಗ್ಗರಿ ತುಂಬಿಕೊಂಡು ಕಾಯುತ್ತಿದ್ದವು.

"ಹೊತ್ತಾಗಾಕತ್ತದ. ಬೇಕಾದ್ರ ನಾ ಊದ್ತೀನಿ. ನನಗೇನು, ಅವರು ಮಾವ ಅಲ್ಲ, ಮೈದುನ ಅಲ್ಲ," ಎಂದಳು ತುಳಜಾಬಾಯಿ.

ಮಾತು ಬರೋಬ್ಬರಿಯೇ ಇತ್ತು. ಬಟ್ಟಲು ಉಳಿಯುತ್ತಿದ್ದವು, ಹೆಸರೂ ಉಳಿಯುತ್ತಿತ್ತು. ಆದರೆ ರುಕ್ಮಿಣಿಬಾಯಿ ತೊಟ್ಟಿಲಿನಿಂದ ಒಂದು ಹೆಜ್ಜೆ ಹಿಂದೆ ಸರಿದು, ಕುಲಾಯಿಯ ದಾರವನ್ನು ಬೆರಳಿಗೆ ಸುತ್ತುತ್ತ ನಿಂತಳು. ಕಣ್ಣು ತುಂಬಿದ್ದವು. ಮಹಾರುದ್ರಪ್ಪನಿಗೆ ತಡೆಯಲಾಗಲಿಲ್ಲ. ಅವಳನ್ನು ಬಿಟ್ಟು ಯಾವ ಹೆಸರು, ಯಾವ ತೊಟ್ಟಿಲು?

"ಅಕ್ಕಾ, ನೀನೇ ಊದಬೇಕು. ನಿನ್ನ ಬಾಯಾಗ ಯಾವುದು ಬರ್ತದ, ಅದೇ ಇರಲಿ," ಎಂದುಬಿಟ್ಟ.

ರುಕ್ಮಿಣಿಬಾಯಿ ಕಣ್ಣೊರೆಸಿಕೊಂಡು ಬಗ್ಗಿದಳು. ಕೂಸಿನ ಕಿವಿಯಲ್ಲಿ ಕುರ್ರ್ ಎಂದಳು. ಇಷ್ಟು ಹೊತ್ತು ತಡೆದುಕೊಂಡಿದ್ದ ತುಳಜಾಬಾಯಿ ಬಡ್ಡಿ ಸಮೇತ ಗುದ್ದಿದಳು. ರುಕ್ಮಿಣಿಬಾಯಿ ಎದ್ದು, ಬೆನ್ನು ನೀವಿಕೊಳ್ಳುತ್ತ, ನಗುತ್ತ ಹೇಳಿದಳು: "ತಿಪ್ಪಣ್ಣ."

ಮಹಾರುದ್ರಪ್ಪ ಪಕ್ಕದ ಕಂಬ ಹಿಡಿದುಕೊಂಡ.

"ತಿಪ್ಪಿ ಅಂದ್ರ ಕಸ ಒಗೆಯೂ ಜಾಗ ಅಲ್ಲೇನು?" ಎಂದಳು ಹಿಂದಿನಿಂದ ಒಬ್ಬಳು.

"ಹೌದು, ತಿಪ್ಪೀನೇ," ಎಂದಳು ರುಕ್ಮಿಣಿಬಾಯಿ. "ನಮ್ಮವ್ವಗ ಎರಡು ಗಂಡಸು ಕೂಸು ಹೋಗಿದ್ವು. ಮೂರನೇದು ಹುಟ್ಟಿದಾಗ ನಾನೇ ಒಯ್ದು ತಿಪ್ಪಿ ಮ್ಯಾಲ ಮಲಗಿಸಿ, ತಿಪ್ಪಿಗೇ ಒಂದ ಸೇರ ಜ್ವಾಳ ಕೊಟ್ಟು ಕೊಂಡ್ಕೊಂಡು ಬಂದೆ. ಒಂಬತ್ತು ವರ್ಷದಾಕಿ ಇದ್ದೆ. ಆ ತಿಪ್ಪಣ್ಣನೇ ಇಗೋ ಇಲ್ಲಿ ಕಂಬ ಹಿಡಕೊಂಡು ನಿಂತಾನ."

ಹೀಗೆ, ಹದಿನಾರು ವರ್ಷ ಮುಚ್ಚಿಟ್ಟದ್ದು ಒಂದು ಉಸಿರಿನಲ್ಲಿ ಬಯಲಾಯಿತು. ಕಲ್ಯಾಣದ ಶಾಲೆಯಲ್ಲಿ ಹಾಜರಿ ಕರೆದಾಗಲೆಲ್ಲ ಹುಡುಗರು ಮೂಗು ಮುಚ್ಚಿಕೊಳ್ಳುತ್ತಿದ್ದರು. ಅದನ್ನು ತಾಳಲಾರದೆ ಅವನು ಐವತ್ತಾರನೇ ಇಸವಿಯಲ್ಲಿ ಹುಮನಾಬಾದಕ್ಕೆ ಬಂದು ಅಂಗಡಿಯ ಬೋರ್ಡು ಬರೆಸುವಾಗ ಮಹಾರುದ್ರಪ್ಪನಾದ. ಮದುವೆಯಲ್ಲೂ ಕಲ್ಯಾಣದವರಿಗೆ ಆಣೆ ಹಾಕಿ ಬಾಯಿ ಕಟ್ಟಿಸಿದ್ದ. ಅಕ್ಕ ಅಂದಿನಿಂದ 'ತಮ್ಮಾ' ಬಿಟ್ಟು ಬೇರೆ ಕರೆದಿರಲಿಲ್ಲ.

ಅವನು ಹೆಂಡತಿಯ ಮುಖ ನೋಡಿದ. ನಗುತ್ತಾಳೆ ಎಂದುಕೊಂಡಿದ್ದ. ಭಾಗಮ್ಮ ನಗಲಿಲ್ಲ. ಅತ್ತಿಗೆಯ ಎರಡೂ ಕೈ ಹಿಡಿದು, "ನಿಮ್ಮ ಬಾಯಿಲೆ ಛಲೋ ಹೆಸರು ಬಂತು ಅಕ್ಕಾರ. ಉಳಿಸೂ ಹೆಸರು," ಎಂದಳು. ಆ ದಿನ ಮೊದಲ ಸಲ ಅವಳು ಕೂಸಿನ ಮೂಗಿನ ಹತ್ತಿರ ಬೆರಳು ಹಿಡಿಯದೆ ಊಟಕ್ಕೆ ಕೂತಳು. ಅದನ್ನು ನೋಡಿದ ಮೇಲೆ ಮಹಾರುದ್ರಪ್ಪನಿಗೆ ಹೆಸರಿನ ವಿಷಯದಲ್ಲಿ ತಕರಾರು ಉಳಿಯಲಿಲ್ಲ.

ತಕರಾರು ಬಂದದ್ದು ಮರುದಿನ. ಕೂಸು ಅಳುತ್ತಿತ್ತು. ಭಾಗಮ್ಮ ತೊಟ್ಟಿಲು ತೂಗುತ್ತ ಬಾಯಿ ತೆರೆದು, ಹಾಗೇ ಮುಚ್ಚಿದಳು.

"ಕರಿ, ಹೆಸರು ಹಿಡದು ಕರಿ," ಎಂದ ಮಹಾರುದ್ರಪ್ಪ.

"ಹ್ಯಾಂಗ ಕರೀಲಿರಿ? ಅದು ನಿಮ್ಮ ಹೆಸರು ಅಲ್ಲೇನು?"

ಭಾಗಮ್ಮ ಆಗಲೇ ದಾರಿ ಕಂಡುಕೊಂಡಿದ್ದಳು. ಹಂಚಿ ಗೂಡಿನಲ್ಲಿ ಉಳಿದಿದ್ದ ಒಂದು ಬಟ್ಟಲನ್ನು ಕೈಗೆತ್ತಿಕೊಂಡು, ಅದರ ಮೇಲಿನ ಹೆಸರನ್ನು ಅಕ್ಷರ ಅಕ್ಷರ ಕೂಡಿಸಿ ಓದಿ, "ಚಂದ್ರಶೇಖರಾ, ಸುಮ್ಮನಾಗಪ್ಪ," ಎಂದಳು. ಮುಕದ್ದಮ್ ಮುತ್ಯಾ ಅವಳಿಗೆ ಮಾವನೂ ಅಲ್ಲ, ಭಾವನೂ ಅಲ್ಲ. ಬಟ್ಟಲು ದಂಡವಾಗಲಿಲ್ಲ.

ವಾರ ಕಳೆಯುವುದರೊಳಗೆ ತಿಪ್ಪಣ್ಣನ ಸುದ್ದಿ ಬಜಾರು ದಾಟಿ ಬೇಮಳಖೇಡಕ್ಕೂ ಮುಟ್ಟಿ, ಧೂಳಮ್ಮ ಅಂಗಡಿಗೆ ಬಂದಳು. ಒಂದು ಸಣ್ಣ ಚಂಬು ಆರಿಸಿ ಅವನ ಮುಂದಿಟ್ಟು, "ನಿಮ್ಮ ಕೂಸಿಗಿ ನಂದೊಂದು ಇರಲಿ. ತಿಪ್ಪಣ್ಣಗ ಧೂಳಮ್ಮ ಕೊಟ್ಟದ್ದು ಅಂತ ಹೊಡೀರಿ," ಎಂದಳು. ಮಹಾರುದ್ರಪ್ಪ ಉಳಿ ಹಿಡಿದು ಸುತ್ತಿಗೆ ಎತ್ತಿದ.

"ಸಾವಕಾರ್ರ, ಈ ಹೆಸರಿನ ಅರ್ಥ ಗೊತ್ತದೇನ್ರಿ?"

"ಗೊತ್ತದವ್ವಾ," ಎಂದ ಅವನು. "ಇನ್ನಾ ಅದೀನಿ ಅಂತ ಅರ್ಥ."

"ಹಂಗಾದ್ರ ದೊಡ್ಡ ಅಕ್ಷರದಾಗ ಹೊಡೀರಿ."

ಅವನು ದೊಡ್ಡ ಅಕ್ಷರದಲ್ಲೇ ಹೊಡೆದ. 'ತಿ' ಮುಗಿಸಿ 'ಪ್ಪ'ಗೆ ಒತ್ತು ಕೊಡುತ್ತಿದ್ದಾಗ ಎದುರಿನ ಬಟ್ಟೆ ಅಂಗಡಿಯವನು ಬೀದಿಯ ಆಚೆಯಿಂದ, "ತಿಪ್ಪಣ್ಣ ಸಾವಕಾರ್ರ," ಎಂದು ಕೂಗಿದ. ಮಹಾರುದ್ರಪ್ಪ ಕೇಳದವನಂತೆ ತಲೆ ತಗ್ಗಿಸಿಕೊಳ್ಳಬೇಕೆಂದಿದ್ದ. ಅಷ್ಟರೊಳಗೆ ಅವನ ಬಾಯಿ ತಾನಾಗಿಯೇ "ಓ" ಎಂದಿತ್ತು.